ಅಮೆರಿಕದ ಅವಸಾನ: ಬಲದ್ದೋ, ವಿಶ್ವಾಸದ್ದೋ?

ಅಮೆರಿಕದ ಕಾಲ ಮುಗಿಯಿತೆಂಬ ಮಾತು ಈಗ ವಾಚನಾಲಯದ ಬೆಂಚಿನಿಂದ ಹಿಡಿದು ಶಾಲೆಯ ಅಧ್ಯಾಪಕರ ಕೊಠಡಿಯವರೆಗೆ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಹೇಳುವವರ ಧ್ವನಿಯಲ್ಲಿ ವಿಚಾರಕ್ಕಿಂತ ಉಲ್ಲಾಸವೇ ಹೆಚ್ಚು. ಇವರಿಗೆ ಎದುರಾಗಿ ನಿಂತವರೂ ಉಂಟು. ಡಾಲರು ಚಲಾವಣೆಯಲ್ಲಿರುವತನಕ, ವಿಮಾನವಾಹಕ ನೌಕೆಗಳು ಸಮುದ್ರದ ಮೇಲೆ ತೇಲುವತನಕ ಆ ರಾಷ್ಟ್ರದ ಕೂದಲು ಕೊಂಕದೆಂದು ಇವರ ನಂಬಿಕೆ. ಮೊದಲನೆಯವರು ಶ್ರಾದ್ಧದ ಊಟಕ್ಕೆ ಎಲೆ ಹಾಸಿ ಕುಳಿತಿದ್ದಾರೆ. ಎರಡನೆಯವರು ಯಜಮಾನನಿಗೆ ನೆಗಡಿಯೂ ಬಾರದೆಂದು ಆಣೆಯಿಡುತ್ತಿದ್ದಾರೆ. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಯಾವುದು ನಿಜವೆಂದು ಕೇಳಿದರೆ, ಈ ಇಬ್ಬರಲ್ಲಿ ಯಾರ ಉತ್ತರವನ್ನೂ ನಾವು ಅವಳ ಕೈಗೆ ಕೊಡಲಾರೆವು. ಆದಕಾರಣವೇ ಈ ಲೇಖನ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಬಲ ಉಡುಗಿಲ್ಲ. ಅದರ ಮಾತಿನ ಮೇಲೆ ಲೋಕಕ್ಕಿದ್ದ ವಿಶ್ವಾಸ ಉಡುಗುತ್ತಿದೆ. ಬಹುಮಟ್ಟಿಗೆ ಅದನ್ನು ಉಡುಗಿಸಿದವರೂ ಅಮೆರಿಕದವರೇ. ಈ ನಷ್ಟವನ್ನು ಕಂಡು ಹಿಗ್ಗುವುದಕ್ಕೆ ದುರ್ಬಲರಾದವರಿಗೆ ಕಾರಣವೇನೂ ಇಲ್ಲ.

ಬಲವೂ ಪ್ರಭಾವವೂ ಒಂದೇ ಎಂದು ಬಗೆದಿರುವುದು ಎರಡೂ ಪಕ್ಷಗಳ ಮೂಲದೋಷ. ಬೆತ್ತ ಹಿಡಿದು ತರಗತಿಯನ್ನು ಸುಮ್ಮನಿರಿಸುವುದು ಬಲ. ಅಧ್ಯಾಪಕರು ಕೊಠಡಿಯಲ್ಲಿಲ್ಲದಾಗಲೂ ಮಕ್ಕಳು ಲೆಕ್ಕ ಮಾಡುತ್ತ ಕುಳಿತಿರುವುದು ಪ್ರಭಾವ. ಬೆತ್ತವನ್ನು ಎಷ್ಟು ಬಾರಿ ಎತ್ತಬೇಕಾಗುತ್ತದೆಯೋ ಪ್ರಭಾವ ಅಷ್ಟರಮಟ್ಟಿಗೆ ಕಡಿಮೆಯೆಂದೇ ಅರ್ಥ. ಉಪಾಧ್ಯಾಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರಾಷ್ಟ್ರಗಳ ವಿಷಯದಲ್ಲಿಯೂ ಅಳತೆಗೋಲು ಇದೇ ಆಗಿರಬೇಕು.

ಮೊದಲು ಶ್ರಾದ್ಧಕ್ಕೆ ಕುಳಿತವರ ಲೆಕ್ಕವನ್ನು ಪರಿಶೀಲಿಸೋಣ. ಎರಡನೆಯ ಮಹಾಯುದ್ಧ ಮುಗಿದಾಗ ಲೋಕದ ಕೈಗಾರಿಕಾ ಉತ್ಪಾದನೆಯಲ್ಲಿ ಸುಮಾರು ಅರ್ಧದಷ್ಟು ಅಮೆರಿಕದ್ದಾಗಿತ್ತು. ಈಗ ಅದು ಆರರಲ್ಲೊಂದು ಭಾಗದ ಆಸುಪಾಸಿಗೆ ಇಳಿದಿದೆ. ಚೀನದ ಪಾಲು ಸುಮಾರು ಶೇಕಡ 30ಕ್ಕೆ ಏರಿದೆ. ಇದನ್ನೇ ಪತನವೆಂದು ಅವರು ಸಾರುತ್ತಾರೆ. ಆದರೆ 1945ರ ಚಿತ್ರವನ್ನು ನೆನೆಯಬೇಕು. ಬರ್ಲಿನ್, ವಾರ್ಸಾ, ಟೋಕಿಯೊ ಬೂದಿಯಾಗಿದ್ದವು. ನಮ್ಮ ದೇಶ ಇನ್ನೂ ಪರಾಧೀನವಾಗಿತ್ತು. ಕೇರಿಯ ಮನೆಗಳೆಲ್ಲ ಸುಟ್ಟುಹೋದ ರಾತ್ರಿ ಉಳಿದೊಂದು ಮನೆಯ ದೀಪ ಸೂರ್ಯನಂತೆ ಕಾಣುತ್ತದೆ. ನೆರೆಯವರು ಮತ್ತೆ ಮನೆ ಕಟ್ಟಿ ದೀಪ ಹಚ್ಚಿದರೆ ಆ ಮನೆಯ ಎಣ್ಣೆ ತೀರಿತೆನ್ನಲಾದೀತೆ? ಅದರಲ್ಲಿಯೂ 1948ರಿಂದ 1952ರವರೆಗೆ ಮಾರ್ಷಲ್ ಯೋಜನೆಯ ಮೂಲಕ ಸುಮಾರು 1,300 ಕೋಟಿ ಡಾಲರ್ ಕೊಟ್ಟು ಪಶ್ಚಿಮ ಯೂರೋಪಿನ ದೀಪಗಳಿಗೆ ಎಣ್ಣೆ ಹೊಯ್ದದ್ದು ಆ ಮನೆಯೇ ಅಲ್ಲವೆ?

ಇನ್ನೊಂದು ಲೆಕ್ಕ. ಲೋಕದ ಒಟ್ಟು ಉತ್ಪನ್ನವನ್ನು ಚಲಾವಣೆಯ ಬೆಲೆಯಲ್ಲಿ ಎಣಿಸಿದರೆ 1960ರಲ್ಲಿ ಅಮೆರಿಕದ ಪಾಲು ಸುಮಾರು ಶೇಕಡ 40. 1980ರ ವೇಳೆಗೆ ಅದು ಕಾಲುಭಾಗಕ್ಕೆ ಇಳಿಯಿತು. 2024ರಲ್ಲಿಯೂ ಅದು ಶೇಕಡ 26ರಷ್ಟೇ ಇತ್ತು. ಅಂದರೆ ಚೀನ ಬೆಳೆದ ಈ ನಾಲ್ಕು ದಶಕಗಳಲ್ಲಿ ಅಮೆರಿಕದ ಪಾಲು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಪಾಲು ಕಳೆದುಕೊಂಡವರು ಯಾರು? 1995ರ ಸುಮಾರಿಗೆ ಶೇಕಡ 17ರ ಆಸುಪಾಸಿನಲ್ಲಿದ್ದ ಜಪಾನ್ ಇಂದು ಶೇಕಡ 4ರ ಹತ್ತಿರಕ್ಕೆ ಬಂದಿದೆ, ಯೂರೋಪೂ ಇಳಿದಿದೆ. ಕೊಳ್ಳುವ ಶಕ್ತಿಯ ಲೆಕ್ಕ ಹಿಡಿದರೆ ಚೀನ ಅಮೆರಿಕವನ್ನು ಮೀರಿ ಹತ್ತು ವರ್ಷಗಳಾದುವು ಎಂಬುದೂ ನಿಜವೆ. ಸೈನ್ಯದ ಮಾತಂತೂ ಬೇಡ. 2024ರಲ್ಲಿ ಲೋಕವೆಲ್ಲ ಸೇರಿ ಆಯುಧಬಲಕ್ಕೆ ಸುರಿದ ಹಣದಲ್ಲಿ ಶೇಕಡ 37ರಷ್ಟನ್ನು ಅಮೆರಿಕವೊಂದೇ ಸುರಿಯಿತೆಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಎಣಿಸಿದೆ. ಇಷ್ಟು ತೂಕದ ಪ್ರಾಣಿಗೆ ಚಟ್ಟ ಕಟ್ಟುವವರು ಅದರ ನಾಡಿಯನ್ನಾದರೂ ಹಿಡಿದು ನೋಡಬೇಡವೆ?

ಈ ಚಟ್ಟ ಕಟ್ಟಿದ್ದು ಇದೇ ಮೊದಲಲ್ಲ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಹಿಂದೆಬಿತ್ತೆಂದರು. ಹನ್ನೆರಡು ವರ್ಷದೊಳಗೆ ಅದರ ಗಗನಯಾತ್ರಿಗಳು ಚಂದ್ರನ ಮೇಲೆ ನಡೆದಾಡಿದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದಾಗ ಡಾಲರು ಸತ್ತಿತೆಂದರು. 1975ರಲ್ಲಿ ಸೈಗಾನ್ ಪತನವಾದಾಗಲೂ, 1979ರಲ್ಲಿ ಟೆಹರಾನಿನ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದಾಗಲೂ ಅದೇ ಮಾತು. 1980ರ ದಶಕದಲ್ಲಿ ಜಪಾನ್ ಅಮೆರಿಕವನ್ನು ಕೊಂಡೇಬಿಡುವುದೆಂದು ನಂಬಿದ ಪಂಡಿತರಿದ್ದರು. 1987ರಲ್ಲಿ ಇತಿಹಾಸಕಾರ ಪಾಲ್ ಕೆನೆಡಿ ಮಹಾಶಕ್ತಿಗಳ ಏಳುಬೀಳುಗಳ ಕುರಿತು ದಪ್ಪ ಗ್ರಂಥವನ್ನೇ ಬರೆದು ಅಮೆರಿಕಕ್ಕೆ ಎಚ್ಚರಿಕೆ ಹೇಳಿದರು. ನಾಲ್ಕು ವರ್ಷಗಳಲ್ಲಿ ಚೂರಾದದ್ದು ಸೋವಿಯತ್ ಒಕ್ಕೂಟ. ಇಷ್ಟು ಬಾರಿ ಸುಳ್ಳಾದ ಭವಿಷ್ಯವನ್ನು ಮತ್ತೆ ನುಡಿಯುವವರು ಹೆಚ್ಚಿನ ಸಾಕ್ಷ್ಯ ಕೊಡಬೇಕು; ಹೆಚ್ಚಿನ ಕೂಗು ಸಾಲದು.

ಆಗಲಿ, ಹಾಗಾದರೆ ಎರಡನೆಯ ಪಕ್ಷದವರು ಗೆದ್ದರೆ? ಅದೂ ಇಲ್ಲ. ಇವರು ಖಜಾನೆಯನ್ನೂ ಶಸ್ತ್ರಾಗಾರವನ್ನೂ ತೋರಿಸಿ ಪ್ರಭಾವವನ್ನು ಸಾಧಿಸಹೊರಟವರು. ಆ ಖಜಾನೆಯಲ್ಲಿಯೇ ಬಿರುಕುಂಟು. 2024ರ ನವೆಂಬರಿನಲ್ಲಿ ಅಮೆರಿಕ ಸರಕಾರದ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿತು. ಅದೇ ಸಾಲಿನ ಆರ್ಥಿಕ ವರ್ಷದಲ್ಲಿ ಬಡ್ಡಿಯ ಬಾಬಿನ ವೆಚ್ಚ ಸೈನ್ಯದ ವೆಚ್ಚವನ್ನೂ ಮೀರಿತು. ಆದರೆ ನಮಗೆ ಮುಖ್ಯವಾದುದು ಖಜಾನೆಯಲ್ಲ. ಇತರರು ಮನಸಾರೆ ಹಿಂಬಾಲಿಸುತ್ತಿದ್ದಾರೆಯೇ ಎಂಬುದು ಮುಖ್ಯ. ಅದಕ್ಕೆ ಸಾಕ್ಷಿಗಳನ್ನು ಎಣಿಸೋಣ.

ಕ್ಯೂಬಾದ ಮೇಲಿನ ಅಮೆರಿಕದ ವ್ಯಾಪಾರ ನಿರ್ಬಂಧ ಕೊನೆಗೊಳ್ಳಬೇಕೆಂಬ ಗೊತ್ತುವಳಿ 1992ರಲ್ಲಿ ಮೊದಲ ಬಾರಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಿತು. ಪರವಾಗಿ 59, ವಿರುದ್ಧವಾಗಿ 3. ಇಲ್ಲಿ ಗಮನಿಸಬೇಕಾದುದು ಮತ ಹಾಕದೆ ಕುಳಿತ 71 ರಾಷ್ಟ್ರಗಳನ್ನು. ಒಪ್ಪಿಗೆಯಿಲ್ಲದಿದ್ದರೂ ಅಮೆರಿಕದ ಮುಖ ನೋಡಿ ಕೈಯೆತ್ತದೆ ಕುಳಿತವರು ಅವರಲ್ಲಿ ಎಷ್ಟೋ ಮಂದಿ. ಆ ಮುಖದಾಕ್ಷಿಣ್ಯವೇ ಪ್ರಭಾವ. 2024ರಲ್ಲಿ ಅದೇ ಗೊತ್ತುವಳಿಗೆ ಪರವಾಗಿ ಬಿದ್ದ ಮತ 187. ವಿರುದ್ಧ ನಿಂತವರು ಅಮೆರಿಕ ಮತ್ತು ಇಸ್ರೇಲ್, ಇಬ್ಬರೇ. ಮೂವತ್ತೆರಡು ವರ್ಷಗಳಲ್ಲಿ ಆ ದಾಕ್ಷಿಣ್ಯ ಕರಗಿಹೋಯಿತು. ಯೂಕ್ರೇನಿನ ವಿಷಯ ಇನ್ನೂ ವಿಚಿತ್ರ. 2022ರ ಮಾರ್ಚ್ 2ರಂದು ರಷ್ಯದ ಆಕ್ರಮಣವನ್ನು ಖಂಡಿಸಿದ 141 ರಾಷ್ಟ್ರಗಳ ಮುಂಭಾಗದಲ್ಲಿ ಅಮೆರಿಕವಿತ್ತು. 2025ರ ಫೆಬ್ರವರಿ 24ರಂದು ಯೂಕ್ರೇನೂ ಯೂರೋಪಿನವರೂ ತಂದ ಗೊತ್ತುವಳಿಗೆ ಅಮೆರಿಕ ರಷ್ಯದ ಜೊತೆಗೂಡಿ ವಿರುದ್ಧ ಮತ ಹಾಕಿತು. ಗೊತ್ತುವಳಿ 93 ಮತಗಳಿಂದ ಅಂಗೀಕೃತವಾಯಿತು; ಯೂರೋಪಿನ ಹಳೆಯ ಮಿತ್ರರಲ್ಲಿ ಬಹುತೇಕ ಎಲ್ಲರೂ ಎದುರು ಸಾಲಿನಲ್ಲಿದ್ದರು. ನಾಯಕ ತಿರುಗಿ ನೋಡಿದಾಗ ಹಿಂಬಾಲಕರು ಬೇರೆ ದಾರಿ ಹಿಡಿದಿದ್ದರೆ ಅವನನ್ನು ನಾಯಕನೆಂದು ಕರೆಯಲು ಉಳಿದಿರುವ ಕಾರಣವೇನು?

ಹಣದ ಮಾತಿನಲ್ಲಿಯೂ ಇದೇ ಕಥೆ. ರಾಷ್ಟ್ರಗಳ ಕೇಂದ್ರ ಬ್ಯಾಂಕುಗಳು ಕೂಡಿಟ್ಟ ವಿದೇಶೀ ನಾಣ್ಯದಲ್ಲಿ 1999ರಲ್ಲಿ ಶೇಕಡ 71ರಷ್ಟು ಡಾಲರಾಗಿತ್ತು. 2024ರ ವೇಳೆಗೆ ಅದು ಶೇಕಡ 58ಕ್ಕೆ ಇಳಿದಿದೆ. 2022ರಲ್ಲಿ ರಷ್ಯದ ಸುಮಾರು 30,000 ಕೋಟಿ ಡಾಲರ್ ಮೌಲ್ಯದ ನಿಧಿಯನ್ನು ಅಮೆರಿಕವೂ ಮಿತ್ರರೂ ತಡೆಹಿಡಿದರು. ಆಕ್ರಮಣಕಾರನಿಗೆ ಅದು ತಕ್ಕ ಶಾಸ್ತಿಯೆಂದು ನಾವೂ ಹೇಳುತ್ತೇವೆ. ಆದರೆ ನೋಡುತ್ತಿದ್ದವರೆಲ್ಲರಿಗೂ ಒಂದು ಪಾಠವಾಯಿತು. 2022, 2023, 2024 ಈ ಮೂರು ವರ್ಷಗಳಲ್ಲಿಯೂ ಕೇಂದ್ರ ಬ್ಯಾಂಕುಗಳು ಪ್ರತಿವರ್ಷ ಸಾವಿರ ಟನ್ನಿಗೂ ಮಿಕ್ಕಿ ಚಿನ್ನ ಕೊಂಡವು. ಬ್ಯಾಂಕಿನಲ್ಲಿ ಅಪನಂಬಿಕೆ ಹುಟ್ಟಿದ ಮನೆಯವರು ಕಾಸಿನ ಸರ ಮಾಡಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಡಿಗೆಯನ್ನು ಬೇರೆ ಯಾರೋ ಒಡೆದಿದ್ದರೆ ಕುಂಬಾರನಿಗೆ ಅನುಕಂಪವಾದರೂ ದೊರೆಯುತ್ತಿತ್ತು. ಇಲ್ಲಿ ದೊಣ್ಣೆ ಹಿಡಿದವನೂ ಅವನೇ. 1995ರಲ್ಲಿ ಹುಟ್ಟಿದ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಹೊಸ ನ್ಯಾಯಾಧಿಪತಿಗಳು ಬಾರದಂತೆ ಅಮೆರಿಕವೇ ಅಡ್ಡನಿಂತಿತು. 2019ರ ಡಿಸೆಂಬರಿನಲ್ಲಿ ಆ ಪೀಠ ಕೆಲಸ ಮಾಡಲಾರದೆ ಸ್ತಬ್ಧವಾಯಿತು. ಹವಾಮಾನದ ಕುರಿತ ಪ್ಯಾರಿಸ್ ಒಪ್ಪಂದದಿಂದ 2020ರಲ್ಲಿ ಹೊರನಡೆದು, 2021ರಲ್ಲಿ ಮರಳಿ ಸೇರಿ, 2025ರಲ್ಲಿ ಮತ್ತೆ ಬಿಡುವೆನೆಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬೀಳುವ ಆಜ್ಞೆಗೂ 2025ರ ಜನವರಿ 20ರಂದೇ ಸಹಿ ಬಿತ್ತು. 1961ರಲ್ಲಿ ಕೆನೆಡಿ ಸ್ಥಾಪಿಸಿದ್ದ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಹಿಂದಿನ ಆಘಾತಗಳಿಗೂ ಇಂದಿನದಕ್ಕೂ ಇರುವ ಭೇದ ಇದೇ. ಸ್ಪುಟ್ನಿಕ್ಕನ್ನು ಹಾರಿಸಿದವರು ಬೇರೆಯವರು. ಈ ಕಂಬಗಳನ್ನು ಕೀಳುತ್ತಿರುವವರು ಮನೆಯೊಳಗಿನವರು.

ಬೆದರಿಕೆ ಪ್ರಭಾವವನ್ನು ಹೇಗೆ ತಿನ್ನುತ್ತದೆಂಬುದಕ್ಕೆ ನಮ್ಮ ದೇಶದ ಇತಿಹಾಸಕ್ಕಿಂತ ಒಳ್ಳೆಯ ಪಾಠವಿಲ್ಲ. 1954ರಲ್ಲಿ ಮಾಡಿದ ಪಿ. ಎಲ್. 480 ಎಂಬ ಕಾನೂನಿನನ್ವಯ ಅಮೆರಿಕದ ಗೋಧಿ ಭಾರತಕ್ಕೆ ಬರುತ್ತಿತ್ತು. ಕೇರ್ ಸಂಸ್ಥೆಯ ಮೂಲಕ ಬಂದ ಹಾಲಿನ ಪುಡಿಯನ್ನೂ ಉಪ್ಪಿಟ್ಟನ್ನೂ ಮಧ್ಯಾಹ್ನದ ಹೊತ್ತು ಸಾಲಿನಲ್ಲಿ ನಿಂತು ಉಂಡವರು ನಮ್ಮ ಹಿರಿಯ ಅಧ್ಯಾಪಕರಲ್ಲಿ ಈಗಲೂ ಇದ್ದಾರೆ. ಅವರ ನೆನಪಿನಲ್ಲಿ ಅಮೆರಿಕ ಎಂಬ ಪದಕ್ಕೆ ಒಂದು ರುಚಿಯುಂಟು. ಅದು ಪ್ರಭಾವ. 1965 ಮತ್ತು 1966ರಲ್ಲಿ ಸಾಲುಸಾಲಾಗಿ ಬರ ಬಿದ್ದಾಗ ಭಾರತ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಆ ವೇಳೆಯಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುವ ಕ್ರಮ ಹಿಡಿದರು. ವಿಯೆಟ್ನಾಮಿನ ಮೇಲಿನ ಬಾಂಬಿನ ಮಳೆಯನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ಪರಿಣಾಮವೇನು? ಭಾರತ ಬಾಯಿ ಮುಚ್ಚಲಿಲ್ಲ. ಇನ್ನು ಯಾರ ಹಡಗಿಗೂ ಕಾಯಲಾರೆವೆಂಬ ಹಟ ಹುಟ್ಟಿತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡತಳಿಯ ಬಿತ್ತನೆಗೋಧಿ ಬಂದಿತು. 1964-65ರಲ್ಲಿ 1 ಕೋಟಿ 23 ಲಕ್ಷ ಟನ್ ಇದ್ದ ಗೋಧಿಯ ಬೆಳೆ 1967-68ರಲ್ಲಿ 1 ಕೋಟಿ 65 ಲಕ್ಷ ಟನ್ನಿಗೆ ಏರಿತು. ಆ ತಳಿಯನ್ನು ಸಿದ್ಧಪಡಿಸಿದ ನಾರ್ಮನ್ ಬೊರ್ಲಾಗ್ ಅಮೆರಿಕದವರೇ. ಬೀಜ ಕೊಟ್ಟ ಅಮೆರಿಕದ ಹೆಸರು ನಮ್ಮ ಕೃಷಿಯ ಚರಿತ್ರೆಯಲ್ಲಿ ಗೌರವದಿಂದ ಉಳಿದಿದೆ. ಹಗ್ಗ ಬಿಗಿದ ಅಮೆರಿಕದ ಹೆಸರು ಕಹಿಯಾಗಿ ಉಳಿದಿದೆ. ಬಲ ಎರಡರಲ್ಲಿಯೂ ಒಂದೇ.

ಆ ಪಾಠವನ್ನು ಅವರು ಕಲಿತಂತಿಲ್ಲ. ರಷ್ಯದ ತೈಲ ಕೊಳ್ಳುವುದಕ್ಕೆ ಶಿಕ್ಷೆಯೆಂದು 2025ರ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಅಮೆರಿಕ ಶೇಕಡ 50ಕ್ಕೆ ಏರಿಸಿತು. ತಿರುಪ್ಪೂರಿನ ಉಡುಪಿಗೂ ಆಂಧ್ರದ ಸಿಗಡಿಗೂ ಪೆಟ್ಟು ಬಿದ್ದದ್ದು ನಿಜ; ಅದು ಬಲ. ಆದರೆ ನಾಲ್ಕೇ ದಿನಗಳಲ್ಲಿ ಭಾರತದ ಪ್ರಧಾನಿ ಏಳು ವರ್ಷಗಳ ತರುವಾಯ ಮೊದಲ ಬಾರಿಗೆ ಚೀನದ ನೆಲದ ಮೇಲೆ, ತಿಯಾನ್‌ಜಿನ್ ನಗರದ ಸಮ್ಮೇಳನದಲ್ಲಿ, ಇದ್ದರು. ಭಾರತವನ್ನು ಚೀನದ ಎದುರಿಗೆ ತೂಕವಾಗಿ ನಿಲ್ಲಿಸಲು ಇಪ್ಪತ್ತು ವರ್ಷ ಪಟ್ಟ ಪಾಡನ್ನು ಒಂದು ಸುಂಕದ ಪಟ್ಟಿ ಪಣಕ್ಕಿಟ್ಟಿತು.

ಮಹಾಶಕ್ತಿಯೊಂದರ ನಿಜವಾದ ಅವಸಾನ ಹೇಗಿರುತ್ತದೆಂದು ತಿಳಿಯಬೇಕಾದರೆ 1956ರ ಸೂಯೆಜ್ ಪ್ರಕರಣವನ್ನು ಓದಬೇಕು. ಕಾಸರಗೋಡು ಕೇರಳಕ್ಕೆ ಸೇರಿಹೋದ ನವೆಂಬರ್ 1ರ ಹಿಂದಿನ ದಿನವೇ ಬ್ರಿಟಿಷ್ ಮತ್ತು ಫ್ರೆಂಚ್ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಸುರಿಯಲಾರಂಭಿಸಿದ್ದುವು. ರಣರಂಗದಲ್ಲಿ ಬ್ರಿಟನ್ನು ಸೋಲಲಿಲ್ಲ. ಕುಸಿಯುತ್ತಿದ್ದ ಪೌಂಡಿಗೆ ಆಸರೆ ಕೊಡಲಾರೆನೆಂದು ಅಮೆರಿಕ ಕೈಯೆತ್ತಿತು. ನವೆಂಬರ್ 6ಕ್ಕೆ ಯುದ್ಧ ನಿಂತಿತು, ಡಿಸೆಂಬರ್ ಮುಗಿಯುವ ಮೊದಲೇ ಸೈನ್ಯ ಹಿಂತಿರುಗಿತು. ಅಂದು ಬ್ರಿಟನ್ನಿನ ತಲೆಯ ಮೇಲೆ ಒಬ್ಬ ಸಾಹುಕಾರನಿದ್ದ. ಇಂದು ಅಮೆರಿಕದ ತಲೆಯ ಮೇಲೆ ಅಂಥವರಿಲ್ಲ. ಅದು ಸಾಲ ಮಾಡುವುದೂ ತನ್ನದೇ ನಾಣ್ಯದಲ್ಲಿ. ಆದುದರಿಂದ ಸೂಯೆಜ್ ಇನ್ನೂ ಬಂದಿಲ್ಲ. ಇನ್ನೊಂದು ಭೇದವನ್ನು ಕನ್ನಡ ಮಾಧ್ಯಮದ ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬ್ರಿಟನ್ನಿನ ಬಲ ಹೋಯಿತು, ಇಂಗ್ಲಿಷಿನ ಪ್ರಭಾವ ಉಳಿಯಿತು; ಇಂದಿಗೂ ಜೂನ್ ತಿಂಗಳಲ್ಲಿ ನಮ್ಮ ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ತೆಳ್ಳಗೆ ಮಾಡುತ್ತಿರುವುದು ಆ ಪ್ರಭಾವವೇ. ಅಮೆರಿಕದ್ದು ಇದಕ್ಕೆ ತಿರುವುಮುರುವು. ಬಲ ಉಳಿದಿದೆ, ಪ್ರಭಾವ ಸೋರುತ್ತಿದೆ. ಈ ಎರಡನೆಯ ಸ್ಥಿತಿಯೇ ಲೋಕಕ್ಕೆ ಹೆಚ್ಚು ಅಪಾಯಕರ. ಮಾತು ನಡೆಯದ ಬಲಿಷ್ಠನಿಗೆ ಕೈ ಬೇಗ ಮೇಲೇಳುತ್ತದೆ.

ಇಲ್ಲಿ ಪೂರ್ವಪಕ್ಷದವರು ಎದ್ದು ಕೇಳುತ್ತಾರೆ: ಬಿದ್ದರೆ ಬೀಳಲಿ, ನಮಗೇನು? ವಿಯೆಟ್ನಾಮನ್ನು ಸುಟ್ಟವರು, ಇಲ್ಲದ ಆಯುಧದ ನೆವ ಹೇಳಿ 2003ರಲ್ಲಿ ಇರಾಕಿಗೆ ನುಗ್ಗಿದವರು ಇವರೇ ಅಲ್ಲವೆ? 1986ರಲ್ಲಿ ನಿಕರಾಗುವದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ತೀರ್ಪನ್ನು ಕಸದ ಬುಟ್ಟಿಗೆ ಹಾಕಿದವರು ಇವರೇ ಅಲ್ಲವೆ? ಹೌದು, ಇವರೇ. ಈ ಆರೋಪಗಳಲ್ಲಿ ಒಂದಕ್ಷರವನ್ನೂ ನಾವು ಅಳಿಸುವುದಿಲ್ಲ. ಆದರೆ ಆರೋಪ ಹೊರಿಸಲು ಸಾಧ್ಯವಾದದ್ದು ಹೇಗೆಂದು ವಿಚಾರಿಸಬೇಕು. ಅವರೇ ಮುಂದೆ ನಿಂತು ಬರೆಸಿದ ನಿಯಮಗಳಿದ್ದುವು. ಅವನ್ನು ಅವರ ಮುಖದೆದುರು ಹಿಡಿಯಬಹುದಾಗಿತ್ತು. ಕಪಟಿಯಾದವನು ಧರ್ಮವನ್ನು ಮೀರುತ್ತಾನೆ, ಆದರೆ ಧರ್ಮವಿದೆಯೆಂದು ಒಪ್ಪುತ್ತಾನೆ. ನಿಯಮವೇ ಬೇಡವೆಂದು ಹೇಳುವವನೆದುರು ಯಾವ ಪುಟವನ್ನು ತೆರೆದು ತೋರಿಸೋಣ?

ಅದರ ಜಾಗಕ್ಕೆ ಬರಲು ಹೊರಟವರು ಹೆಚ್ಚು ಸಾತ್ವಿಕರೆಂಬುದಕ್ಕೆ ಸಾಕ್ಷಿಯೂ ಇಲ್ಲ. ದಕ್ಷಿಣ ಚೀನ ಸಮುದ್ರದ ವಿಷಯದಲ್ಲಿ ಫಿಲಿಪ್ಪೀನ್ಸಿನ ದಾವೆಯ ಮೇಲೆ 2016ರ ಜುಲೈ 12ರಂದು ಹೇಗ್ ನಗರದ ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಚೀನ ಮಾನ್ಯಮಾಡಲಿಲ್ಲ. ರಷ್ಯ ಏನು ಮಾಡಿತೆಂಬುದನ್ನು ಯೂಕ್ರೇನ್ 2022ರ ಫೆಬ್ರವರಿ 24ರಂದು ಕಂಡಿತು. ಒಬ್ಬ ಜಮೀನುದಾರ ಇಳಿದು ಇನ್ನೊಬ್ಬ ಏರಿದರೆ ಗೇಣಿದಾರನ ಹೊಟ್ಟೆ ತುಂಬುವುದಿಲ್ಲ. ಗೇಣಿಯ ಕಾನೂನು ಇದ್ದರೆ ಮಾತ್ರ ತುಂಬುತ್ತದೆ.

ಇದನ್ನು ಗಡಿಯ ಕನ್ನಡಿಗರಾದ ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಎಣಿಕೆಯಲ್ಲಿ ಕಡಿಮೆಯಾದವರಿಗೆ ಬಹುಸಂಖ್ಯಾತರ ಔದಾರ್ಯ ಒಂದು ವರ್ಷ ಇರುತ್ತದೆ, ಇನ್ನೊಂದು ವರ್ಷ ಇರುವುದಿಲ್ಲ. ಭಾಷಾವಾರು ಪ್ರಾಂತಗಳಾದ 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠದ ಏರ್ಪಾಟಾಗಬೇಕೆಂದು ಅದು ಹೇಳುತ್ತದೆ. ಅದು ಪೂರ್ಣವಾಗಿ ಪಾಲನೆಯಾಗುತ್ತಿದೆಯೆಂದು ನಮ್ಮಲ್ಲಿ ಯಾರೂ ಹೇಳಲಾರರು. ಆದರೂ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಅರ್ಜಿ ಬರೆಯುವಾಗ ನಾವು ಮೊದಲ ಸಾಲಿನಲ್ಲಿ ಉದ್ಧರಿಸುವುದು ಅದನ್ನೇ. ಅರೆಬರೆಯಾಗಿ ಪಾಲಿಸಲ್ಪಡುವ ನಿಯಮವೂ ನಿಯಮವಿಲ್ಲದಿರುವುದಕ್ಕಿಂತ ಮೇಲು. ಇದು ನಮ್ಮ ಅನುಭವ. ಸಣ್ಣ ಭಾಷೆಗೆ ನಿಜವಾದದ್ದು ಸಣ್ಣ ರಾಷ್ಟ್ರಕ್ಕೂ ನಿಜ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಈ ಪ್ರಶ್ನೆ ತರಗತಿಯಲ್ಲಿ ಎದ್ದಾಗ ಘೋಷಣೆಯನ್ನು ಉತ್ತರವಾಗಿ ಕೊಡದಿರೋಣ. ಹಲಗೆಯ ಮೇಲೆ ಎರಡು ಅಂಕಣಗಳನ್ನು ಎಳೆಯೋಣ. ಒಂದರಲ್ಲಿ ಅಮೆರಿಕದ ಬಳಿ ಏನೇನಿದೆ ಎಂಬುದನ್ನೂ, ಇನ್ನೊಂದರಲ್ಲಿ ಅದು ಬೆದರಿಸದೆ ಯಾರು ಯಾರು ಅದರ ಮಾತು ಕೇಳುತ್ತಾರೆ ಎಂಬುದನ್ನೂ ಮಕ್ಕಳ ಕೈಯಿಂದಲೇ ಬರೆಯಿಸೋಣ. ಪಾಲು ಬೇರೆ, ಮೊತ್ತ ಬೇರೆ ಎಂಬ ಗಣಿತವನ್ನೂ ಅಲ್ಲಿಯೇ ಕಲಿಸೋಣ. ಮೊದಲನೆಯ ಅಂಕಣ ಇಂದಿಗೂ ಉದ್ದವಾಗಿದೆ. ಎರಡನೆಯದು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ. ವಿದ್ಯಾರ್ಥಿಗಳೇ, ಮಹಾಶಕ್ತಿ ಇಳಿಯುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಆ ಎರಡು ಅಂಕಣಗಳ ನಡುವಿನ ಅಂತರದಲ್ಲಿದೆ. ಅಂತರ ಹೆಚ್ಚಿದಷ್ಟೂ ದೊಣ್ಣೆ ಹೆಚ್ಚು ಬಾರಿ ಮೇಲೇಳುತ್ತದೆ. ಅದು ಮೊದಲು ಬೀಳುವುದು ಎಲ್ಲರಿಗಿಂತ ಚಿಕ್ಕವರ ಬೆನ್ನಿನ ಮೇಲೆ. ಅದನ್ನು ಬಲ್ಲವರು ಯಾರ ಪತನಕ್ಕೂ ಚಪ್ಪಾಳೆ ತಟ್ಟುವುದಿಲ್ಲ. ದೊಣ್ಣೆ ಯಾರ ಕೈಯಲ್ಲಿದ್ದರೂ ಅದನ್ನು ಕಟ್ಟಿಹಾಕುವ ಕಾನೂನು ಉಳಿಯಲೆಂದು ವಾದಿಸುತ್ತಾರೆ. ನಮ್ಮ ಪಕ್ಷ ಅದು.